ನರಿಯ ಹೊಟ್ಟೆಯಲ್ಲಿ ಸಿಕ್ಕಿದ್ದು

ಅಪ್ಪಾ,

ನೀನು ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಇವತ್ತು ಮತ್ತೊಂದು ಕುರಿಮರಿ ಹೋಯಿತು. ಬೇಟೆಯವನು ಬೇಲಿಯ ಬಳಿ ನರಿಯೊಂದನ್ನು ಹೊಡೆದು ಬೀಗುತ್ತಾ ತಂದ. ನನಗೇಕೋ ಅನುಮಾನ; ಅದರ ಹೊಟ್ಟೆ ಸೀಳಿಸಿದೆ. ಒಳಗೆ ಬರೀ ಇಲಿ, ಜೀರುಂಡೆ. ಉಣ್ಣೆಯ ಒಂದೆಳೆಯೂ ಇರಲಿಲ್ಲ.

“ಹಾಗಾದ್ರೆ ಮರಿ ತಿಂದಿದ್ದು ಯಾರಮ್ಮಾ?” ಎಂದವನ ಕಣ್ಣು ನಿನ್ನ ನಾಯಿಯ ಕಡೆ ಹೊರಳಿತು. ಅದು ಹಾಕಿದ ಊಟವನ್ನು ಮೂಸದೆ ಮಲಗಿತ್ತು.

ಮರಿಯ ರುಚಿ ಕಂಡ ನಾಯಿಯನ್ನು ಒಂದು ದಿನವೂ ಇಟ್ಟುಕೊಳ್ಳಬಾರದು ಅಂತಿದ್ದೆ ನೀನು.

ಅವನು ಕೈತೊಳೆಯಲು ಹೋದಾಗ ನಾಯಿಯ ಬಾಯಿ ಬಿಡಿಸಿ ನೋಡಿದೆ. ಹಲ್ಲಿನ ಸಂದಿಯಲ್ಲಿ ಉಣ್ಣೆಯಿತ್ತು. ನೀನಿಲ್ಲವಾದ ಮೇಲೆ ಅದು ಮಲಗುವ ನಿನ್ನ ಹಳೇ ಶರ್ಟಿನಿಂದಲೇ ಒರೆಸಿ ತೆಗೆದೆ.

ಅವನು ಬಂದಾಗ ಹೇಳಿದೆ: “ಇನ್ನೊಂದು ನರಿ ಇರ್ಬೇಕಣ್ಣಾ. ಸಂಜೆ ಬೋನಿಡು.”