ಸಿಡಿಯದ ತೋಟಾ

ಅಪ್ಪಾ,

ನೀನು ಪಿಸ್ತೂಲು ಮಾರಿರಲೇ ಇಲ್ಲ! ಅಮ್ಮನ ಹೊಲಿಗೆ ಪೆಟ್ಟಿಗೆಯ ತಳದಲ್ಲಿ, ಅವಳ ಏಪ್ರನ್‌ನಲ್ಲಿ ಸುತ್ತಿಟ್ಟಿದ್ದೆ. ಇವತ್ತು ಸಿಕ್ಕಿತು. ಸೋಮವಾರ ಜಿಂಕೆ ಬೇಟೆ ಶುರು. ನಿನ್ನ ರೈಫಲ್ ಶುಚಿ ಮಾಡಿಸಲು ಬಂದೂಕು ರಿಪೇರಿಯ ವರ್ನನ್ ಹತ್ತಿರ ಹೇಗೂ ಹೊರಟಿದ್ದೆ, ಇದನ್ನೂ ಒಯ್ದೆ.

“ಅಗ್ಗದ ಮಾಲು ಬೇಡ ಅಂತ ನಿಮ್ಮಪ್ಪಂಗೆ ಆವತ್ತೇ ಬಡ್ಕೊಂಡೆ ಕಣಮ್ಮ ಲೋರ್ನಾ. ‘ಸೊಂಟಕ್ಕೆ ಸಿಕ್ಕಿಸ್ಕೊಳ್ಳೋಕೆ ಇಷ್ಟು ಸಾಕು, ನಾನೇನು ಶೆರಿಫ್ಫಾ?’ ಅಂದ,” ಎಂದು ನಗುತ್ತಲೇ ಅವನು ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದ. ಟಣ್ಣನೆ ಒಂದು ತೋಟಾ ಮೇಜಿನ ಮೇಲೆ ಬಿತ್ತು. ಅದರ ಹಿಂಬದಿಯಲ್ಲಿ ಸಣ್ಣ ತಗ್ಗಿತ್ತು.

ವರ್ನನ್‌ನ ನಗು ನಿಂತಿತು.

“ಟ್ರಿಗರ್ ಎಳೆದಿದಾನೆ. ಹಳೇ ಎಣ್ಣೆ ಅಂಟಾಗಿ ಒಳಗಿನ ಮೊಳೆ ಮೆತ್ತಗೆ ಬಡಿದಿದೆ. ಸಿಡಿದಿಲ್ಲ.”

ಬಂದೂಕಿನಿಂದ ಗುಂಡು ತೆಗೆಯದೆ ಯಾರನ್ನೂ ಮನೆ ಹೊಸ್ತಿಲು ದಾಟಗೊಡದವನು ನೀನು!

ಅಮ್ಮನನ್ನು ಮಣ್ಣು ಮಾಡಿದ ಮರುವಾರ ನೀನು ಫೋನ್ ಮಾಡಿದ್ದೆ. “ಆ ಪಿಸ್ತೂಲು ಮಾರ್ಬಿಟ್ಟೆ ಕಣೆ. ಸುಮ್ನೆ ಹೇಳೋಣ ಅನ್ನಿಸ್ತು. ಏನ್ಮಾಡ್ತಿದೀಯ?”

“ಕೆಲಸದಲ್ಲಿದೀನಪ್ಪ. ಸಂಜೆ ನಾನೇ ಮಾಡ್ತೀನಿ.”

ಅದಾದ ಮೇಲೆ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುವವರೆಗೆ ಎಷ್ಟೊಂದು ವರ್ಷ ನಮ್ಮ ಜೊತೆ ಇದ್ದೆ! ಮೊಮ್ಮಕ್ಕಳಿಗೆ ಗುರಿ ಹಿಡಿಯುವುದನ್ನು ಕಲಿಸಿದೆ, ಭಾನುವಾರಗಳಂದು ಪ್ಯಾನ್‌ಕೇಕ್ ಸೀಯಿಸಿ ನಮ್ಮ ಕೈಲಿ ಬೈಸಿಕೊಂಡೆ.

“ಎಣ್ಣೆ ತೆಗೆದು ಸರಿ ಮಾಡ್ಕೊಡ್ಲಾ?” ಎಂದ ವರ್ನನ್.

“ಬೇಡ!” ಎಂದು ಕಿರುಚಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ತೋಟಾ ಈಗ ನನ್ನ ಅಂಗೈಯಲ್ಲಿದೆ. ಅಪ್ಪಾ, ಆ ಸಂಜೆ ನಾನು ಫೋನ್ ಮಾಡಿದೆನಾ? ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.