ಸಂತರ ಮೂಳೆಯ ವರದಿ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಕಡ್ಡಿಯ ನಮಸ್ಕಾರಗಳು. ನಿನ್ನ ಎರಡು ಕಾಗದಗಳು ಬಂದು ತಿಂಗಳ ಮೇಲಾಯಿತು. ಕೋಪಿಸಿಕೊಳ್ಳಬೇಡ. ನಿಮ್ಮ ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಕೋಪ ಪಾಪವಂತೆ, ಆ ಧೈರ್ಯದ ಮೇಲೇ ಇಷ್ಟು ತಡಮಾಡಿದೆ. ಮಂಡಿನೋವು ಹೇಗಿದೆ? ಮೊಣಕಾಲೂರುವುದನ್ನು ಸ್ವಲ್ಪ ಕಡಿಮೆ ಮಾಡು, ದೇವರು ಕುರ್ಚಿಯಲ್ಲಿ ಕೂತವರ ಮಾತನ್ನೂ ಕೇಳಿಸಿಕೊಳ್ಳುತ್ತಾನೆ. ನಾನು ಹೆಸರಿಗಷ್ಟೇ ಕಡ್ಡಿ, ನೋಡಿದರೆ ಈಗ ಕಂಬ. ನಮ್ಮ ಮನೆಯವರು ಹಲ್ಲು ಕೀಳಿಸಿಕೊಂಡು ಎರಡು ವಾರದಿಂದ ಮಾತು ಕಡಿಮೆ ಮಾಡಿದ್ದಾರೆ, ಮನೆ ನೆಮ್ಮದಿಯಾಗಿದೆ.

ಕೆಲಸ ಹೆಚ್ಚಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಿನಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ನಮ್ಮ ಚರ್ಚಿನ ಸಂತರ ಬೆರಳು ನನ್ನ ಮೇಜಿಗೆ ಬಂದಿತ್ತು.

ಹೌದು, ಸಂತರ ಬೆರಳಿನ ಮೂಳೆಯಿಟ್ಟು ಊರೆಲ್ಲ ಮುತ್ತಿಡುವ ಅದೇ ಬೆಳ್ಳಿ ಪೆಟ್ಟಿಗೆ. ಅದರ ಬೀಗದಕೈಯನ್ನು ಅಪ್ಪ ಇಪ್ಪತ್ತು ವರ್ಷ ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದ್ದ. ಮೂಳೆ ಯಾವ ಕಾಲದ್ದೆಂದು ನೋಡಿಕೊಡಿ ಎಂದು ಬಿಷಪ್ಪರ ಕಚೇರಿಯಿಂದ ವಿಶ್ವವಿದ್ಯಾಲಯಕ್ಕೆ ಪತ್ರ ಬಂತು. ನಮ್ಮ ವಿಭಾಗದಲ್ಲಿ ಮೂಳೆ ಓದುವವಳು ನಾನೊಬ್ಬಳೇ. ಆ ಪೆಟ್ಟಿಗೆಯ ಬೀಗದಕೈ ಇಟ್ಟುಕೊಂಡಿದ್ದ ಬುಕ್‌ಬೈಂಡರನ ಮಗಳು ನಾನು ಎಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಆ ಮೂಳೆಯ ಮೇಲೆ ನನಗಿರುವ ಸಿಟ್ಟು ನಿನಗೆ ಗೊತ್ತು. ನಿನ್ನನ್ನು ಮನೆಯಿಂದ ಕರೆದುಕೊಂಡು ಹೋದದ್ದು ಅದೇ ತಾನೇ? ಅದು ಸುಳ್ಳೆಂದು ನನ್ನ ಕೈಯಾರೆ ಬರೆಯುವ ಆಸೆ ನನಗಿತ್ತು.

ಈಗಿನ ಫಾದರ್, ಇನ್ನೂ ಚಿಕ್ಕ ವಯಸ್ಸಿನವರು, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ತಂದರು. ನೋಡಿದ ಕೂಡಲೇ ಅವರ ಮೇಲೆ ಅನುಮಾನ ಬಂತು. ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

"ಪೂರ್ತಿ ಪುಡಿ ಮಾಡ್ಬಿಡ್ತೀರಾ ಮೇಡಂ?" ಅಂದರು.

"ಇಲ್ಲ ಫಾದರ್, ಒಂದು ಗೋಧಿ ಕಾಳಿನಷ್ಟು ಸಾಕು."

"ಅಲ್ಲ, ಒಂದ್ವೇಳೆ ಬೇರೆ ಏನಾದ್ರೂ ಬಂದ್ರೆ, ಅದನ್ನ ಬರೀಲೇಬೇಕಾ?"

ಏನೂ ಗೊತ್ತಿಲ್ಲದವರು ಹೀಗೆ ಕೇಳುತ್ತಾರೆಯೇ? ಪೆಟ್ಟಿಗೆ ತೆರೆದವರು ಹೆಸರು, ತಾರೀಖು ಬರೆದು ಚೀಟಿಯನ್ನು ಒಳಗಿಡಬೇಕೆಂಬ ನಿಯಮ ನಿನಗೆ ನೆನಪಿರಬೇಕು. ಒಳಗೆ ಮೂರು ಚೀಟಿಗಳಿದ್ದವು, ಕೊನೆಯದು ಎಪ್ಪತ್ತು ವರ್ಷ ಹಳೆಯದು. ಆದರೆ ಮೇಲಿನ ಅರಗಿನ ಮುದ್ರೆಯಲ್ಲಿ ಎರಡು ಬಣ್ಣವಿತ್ತು, ಹಳೆಯ ಅರಗಿನ ಮೇಲೆ ಯಾರೋ ಹೊಸದನ್ನು ಕರಗಿಸಿ ಹಾಕಿದ್ದರು. ಗುಟ್ಟಾಗಿ ತೆರೆದು ಮುಚ್ಚಿದ್ದಾರೆ, ಇದು ಈ ಫಾದರ್ ಅವರದೇ ಕೈವಾಡ ಎಂದುಕೊಂಡೆ.

ಸಂತರು ಎಂಬತ್ತು ದಾಟಿ ತೀರಿಕೊಂಡವರೆಂದು ನಾವು ಬಾಯಿಪಾಠ ಮಾಡಿದ್ದೆವಲ್ಲ. ಈ ಮೂಳೆ ಬೆರಳಿನ ನಡುಗಿಣ್ಣಿನದು, ಅದರ ಬುಡ ಇನ್ನೂ ಕೂಡಿರಲಿಲ್ಲ. ಬೆಳೆಯುವ ಮಕ್ಕಳ ಮೂಳೆ ಹಾಗಿರುತ್ತದೆ, ದೊಡ್ಡವರಲ್ಲಿ ಕೂಡಿಕೊಂಡು ಒಂದಾಗಿರುತ್ತದೆ. ಅಂದರೆ ಇದು ಮಗುವಿನದು. ಕಾರ್ಬನ್ ಪರೀಕ್ಷೆ ಮಾಡಿದವರು ಐವತ್ತು ವರ್ಷವೂ ಆಗಿಲ್ಲ ಎಂದು ಬರೆದರು. ಮೊದಲು ನನಗೆ ಖುಷಿಯೇ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅದನ್ನು ಇನ್ನೊಮ್ಮೆ ಓದಿದೆ. ಯಾರ ಮಗುವಿನ ಬೆರಳನ್ನು ಯಾರು ತಂದು ಅಲ್ಲಿಟ್ಟರು?

ನಮ್ಮಲ್ಲೊಂದು ಪದ್ಧತಿಯಿದೆ. ಮೂಳೆ ಮುಟ್ಟಿದವರೆಲ್ಲ ತಮ್ಮ ಎಂಜಲನ್ನೂ ಪರೀಕ್ಷೆಗೆ ಕೊಡಬೇಕು, ಯಾರದಾದರೂ ಅದಕ್ಕೆ ತಗುಲಿದ್ದರೆ ಗೊತ್ತಾಗಲೆಂದು. ಡಿಎನ್‌ಎ ನೋಡುವ ಹುಡುಗಿಯನ್ನು ನಾವು ಕನ್ನಡಕ ಎಂದೇ ಕರೆಯುವುದು. ಒಂದು ಬೆಳಿಗ್ಗೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ಗ್ಲೌಸ್ ಹಾಕ್ಕೊಂಡಿದ್ರಿ ತಾನೆ?"

"ಇಪ್ಪತ್ತೆಂಟು ವರ್ಷದಿಂದ ಹಾಕ್ಕೊಂಡೇ ಇದೀನಮ್ಮ."

"ಮೂಳೇಲಿ ನಿಮ್ಮದು ಬರ್ತಿದೆ."

ಅವಳು ನೋಡಿದ ನೋಟ ನನಗೆ ಅರ್ಥವಾಯಿತು. ನಾನೂ ನನ್ನ ಕೈಗಳನ್ನು ಹಾಗೇ ನೋಡಿಕೊಂಡೆ. ಬೇರೆ ಕೋಣೆಯಲ್ಲಿ, ನಾನು ಹತ್ತಿರವೂ ಸುಳಿಯದ ಹಾಗೆ, ಇನ್ನೊಮ್ಮೆ ಮಾಡಿಸಿದೆ. ಒಂದು ವಾರ ಕಳೆದು ಮತ್ತೆ ಬಂದಳು.

"ನಿಮ್ಮದಲ್ಲ ಮೇಡಂ. ಆದ್ರೆ ನಿಮ್ಮ ಒಡಹುಟ್ಟಿದವರದು ಅನ್ನೋ ಹಾಗಿದೆ, ಹೆಣ್ಣು. ಚಿಕ್ಕಂದಿನಲ್ಲಿ ಯಾರಾದ್ರೂ ತೀರ್ಕೊಂಡಿದ್ರಾ?"

"ಇಲ್ಲ. ನನಗಿರೋದು ಒಬ್ಬಳೇ ಅಕ್ಕ. ಕಲ್ಲುಗುಂಡಿನ ಹಾಗಿದಾಳೆ."

ಹೇಳಿ ಮುಗಿಸುವಷ್ಟರಲ್ಲಿ ನಿನ್ನ ಎಡಗೈ ಕಣ್ಣೆದುರು ಬಂತು. ಆಗ ನಿನಗೆ ಹನ್ನೊಂದು, ನನಗೆ ಒಂಬತ್ತು. ಅಪ್ಪನ ಕಾಗದ ಕತ್ತರಿಸುವ ಯಂತ್ರದಡಿ ನಿನ್ನ ಉಂಗುರಬೆರಳಿನ ಎರಡು ಗಿಣ್ಣು ಹೋದವು. ಕೀವಾಯಿತು, ಜ್ವರ ನೆತ್ತಿಗೇರಿತು, ಡಾಕ್ಟರು ಕೈಚೆಲ್ಲಿದರು. ಆಗಿನ ಮುದುಕ ಫಾದರ್ ಪೆಟ್ಟಿಗೆ ತಂದು ನಿನ್ನ ಹಣೆಗೆ ಮುಟ್ಟಿಸಿದರು, ಮೂರನೆಯ ದಿನ ನೀನು ಎದ್ದು ಕೂತು ನೀರು ಕೇಳಿದೆ. ಸಂತರು ಉಳಿಸಿದ ಜೀವ ಸಂತರಿಗೇ ಸೇರಬೇಕೆಂದು ಹದಿನೆಂಟು ತುಂಬಿದ ಕೂಡಲೇ ನೀನು ಸನ್ಯಾಸಿನಿಯಾಗಲು ಕಾನ್ವೆಂಟಿಗೆ ಹೋದೆ.

ಕನ್ನಡಕ ಊಟಕ್ಕೆ ಹೋದಾಗ ಪೆಟ್ಟಿಗೆಯ ತಳದ ವೆಲ್ವೆಟ್ ಎತ್ತಿ ನೋಡಿದೆ. ಕೆಳಗೊಂದು ಚೀಟಿ ಅಂಟಿಸಿತ್ತು. ಹುಳು ಹತ್ತದಿರಲೆಂದು ಅಪ್ಪ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದನಲ್ಲ, ಅದೇ ನೀಲಿ ಛಾಯೆ. ಅವನದೇ ಗುಂಡಗಿನ ಅಕ್ಷರ. "ಸಂತರನ್ನು ತೇದು ಹಾಲಿನಲ್ಲಿ ಮಗಳಿಗೆ ಕುಡಿಸಿದೆ. ಪೆಟ್ಟಿಗೆ ಖಾಲಿ ಬಿಡಲು ಮನಸ್ಸಾಗಲಿಲ್ಲ, ಅವಳ ತುಂಡಾದ ಬೆರಳಿನ ಮೂಳೆಯನ್ನೇ ಬಿಡಿಸಿ ಇಟ್ಟಿದ್ದೇನೆ. ತಪ್ಪು ನನ್ನದು." ಕೆಳಗೆ ಹೆಸರು, ತಾರೀಖು. ಕದ್ದು ನಿಯಮದ ಪ್ರಕಾರ ಚೀಟಿಯನ್ನೂ ಇಟ್ಟ ಕಳ್ಳ ಲೋಕದಲ್ಲಿ ನಮ್ಮಪ್ಪನೊಬ್ಬನೇ ಇರಬೇಕು. ಓದಿ ನಕ್ಕೆ ಅಕ್ಕ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ತಾರೀಖು ಮುದುಕ ಫಾದರ್ ಬಂದ ಹಿಂದಿನ ದಿನದ್ದು. ಅಂದರೆ ಅವರು ನಿನ್ನ ಹಣೆಗೆ ಮುಟ್ಟಿಸಿದ್ದು ನಿನ್ನ ಬೆರಳನ್ನೇ. ನಲವತ್ತೆರಡು ವರ್ಷದಿಂದ ಜನ ಸಾಲುಗಟ್ಟಿ ಮುತ್ತಿಡುತ್ತಿರುವುದೂ ಅದಕ್ಕೇ. ಸಂತರೇನಾದರೂ ಎಲ್ಲಾದರೂ ಉಳಿದಿದ್ದರೆ ನಿನ್ನ ಮೈಯಲ್ಲಿ. ನಿನ್ನನ್ನು ಬದುಕಿಸಿದ್ದು ಅವರೋ, ಡಾಕ್ಟರು ಕೊನೆಗೆ ಕೊಟ್ಟ ಇಂಜೆಕ್ಷನ್ನೋ, ಅದನ್ನು ಹೇಳುವ ಯಂತ್ರ ನನ್ನ ಬಳಿ ಇಲ್ಲ.

ಚೀಟಿಯನ್ನು ನಾನು ಯಾರಿಗೂ ತೋರಿಸಿಲ್ಲ, ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಇಷ್ಟು ವರ್ಷದ ನೌಕರಿಯಲ್ಲಿ ಇದು ನನ್ನ ಮೊದಲ ಕಳ್ಳತನ. ಶುಕ್ರವಾರಕ್ಕೆ ವರದಿ ಕೊಡಬೇಕು. ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ ಎಂದು ಕನ್ನಡಕ ಮಾತು ಕೊಟ್ಟಿದ್ದಾಳೆ. ಮಗುವಿನ ಮೂಳೆ, ಇತ್ತೀಚಿನದು ಎಂದಷ್ಟೇ ಬರೆದರೆ ಎಲ್ಲರ ಕಣ್ಣು ಈಗಿನ ಫಾದರ್ ಮೇಲೆ ಬೀಳುತ್ತದೆ. ಮೊನ್ನೆ ಅವರೇ ಫೋನು ಮಾಡಿದ್ದರು. "ಪೊಲೀಸರು ಬರ್ತಾರಾ ಮೇಡಂ? ಅದನ್ನ ಕೆದಕಬೇಡ ಅಂತ ಹಿಂದಿನ ಫಾದರ್ ಹೇಳಿದ್ರು, ಯಾಕೆ ಅಂತ ನಾನು ಕೇಳಲೇ ಇಲ್ಲ." ಪಾಪ, ಅವರ ತಪ್ಪು ಅಷ್ಟೇ. ಅವರನ್ನು ಉಳಿಸಲು ನಿಜ ಬರೆದರೆ ಅಪ್ಪ ಕಳ್ಳನಾಗುತ್ತಾನೆ, ನಿನ್ನ ಕೈ ನೋಡಲು ಕಾನ್ವೆಂಟಿನ ಬಾಗಿಲಿಗೆ ಜನ ಬರುತ್ತಾರೆ. ನಿನ್ನನ್ನು ಕೇಳದೆ ಹೇಗೆ ಬರೆಯಲಿ?

ಇನ್ನೊಂದು ಗುಮಾನಿಯಿದೆ, ಹೇಳಿಬಿಡುತ್ತೇನೆ. ನೀನು ರಜೆಗೆ ಬಂದಾಗಲೆಲ್ಲ ಎಲ್ಲರೂ ಪೆಟ್ಟಿಗೆಗೆ ಮುತ್ತಿಟ್ಟರೂ ನೀನು ಬಾಗಿಲ ಬಳಿಯೇ ನಿಂತಿರುತ್ತಿದ್ದೆ. ಸಾಯುವ ಹಿಂದಿನ ದಿನ ಅಪ್ಪ ನಿನ್ನೊಬ್ಬಳನ್ನೇ ಒಳಗೆ ಕರೆದ. ನಿನಗೆ ಎಲ್ಲ ಗೊತ್ತಿತ್ತು ಅಲ್ಲವೇ? ಗೊತ್ತಿದ್ದೂ ಅಲ್ಲೇ ಹೇಗೆ ಉಳಿದೆ?

ಮಂಡಿಗೆ ಬಿಸಿನೀರಿನ ಶಾಖ ಕೊಡು. ನನ್ನಂಥವಳಿಗೂ ನಿನ್ನ ಪ್ರಾರ್ಥನೆಯಲ್ಲಿ ಒಂದಿಷ್ಟು ಜಾಗವಿರಲಿ, ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಕಡ್ಡಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಆ ದಿನ ಯಂತ್ರದ ಹಿಡಿ ಎಳೆದದ್ದು ನಾನು. ನೀನು ಕಾಗದದ ಅಂಚು ಸರಿಮಾಡುತ್ತಾ "ತಾಳೇ" ಅಂದೆ, ನಾನು ತಾಳಲಿಲ್ಲ. ಅಪ್ಪ ಓಡಿಬಂದಾಗ "ನಾನೇ ಎಳ್ಕೊಂಡೆ ಅಪ್ಪ" ಅಂದವಳು ನೀನು. ನಾನು ಇವತ್ತಿನವರೆಗೆ ಬಾಯಿಬಿಡಲಿಲ್ಲ, ಸಿಟ್ಟನ್ನೆಲ್ಲ ಆ ಮೂಳೆಯ ಮೇಲೆ ಹಾಕಿ ಬದುಕಿದೆ. ವರದಿಯ ವಿಷಯ ನೀನು ಹೇಳಿದ ಹಾಗೆ ಮಾಡುತ್ತೇನೆ. ಆದರೆ ಇದೊಂದಕ್ಕೆ ಉತ್ತರ ಬರೆ ಅಕ್ಕ. ನೀನು ಮನೆ ಬಿಟ್ಟು ಹೋದದ್ದು ಸಂತರಿಗಾಗಿಯೋ, ದಿನಾ ನನ್ನ ಮುಖ ನೋಡಲಾರದೆಯೋ?