ಒಪ್ಪತ್ತಿನ ಸಂಜೆಯ ಸ್ಮೂದಿ

ಕೊಟ್ಟೂರು
ಗುರುವಾರ, ೧೮ ಸೆಪ್ಟೆಂಬರ್ ೨೦೨೫

ಪೂಜ್ಯ ಅತ್ತೆಯವರಿಗೆ,

ನಿಮ್ಮ ಸೊಸೆ ಪುಷ್ಪಲತಾಳ ಶರಣು ಶರಣಾರ್ಥಿ. ಕಾಲಿನ ಬಾವು ಇಳಿಯಿತೇ? ರಾತ್ರಿ ನಿದ್ದೆ ಹತ್ತುತ್ತದೆಯೇ? ಕಾಲ್ಬೆರಳು ಈಗಲೂ ಕಪ್ಪಗೇ ಇದೆಯೋ, ಸ್ವಲ್ಪವಾದರೂ ಬಣ್ಣ ತಿರುಗಿದೆಯೋ? ಬೆರಳು ಉಳಿಸುವುದೋ ತೆಗೆಯುವುದೋ ಎಂದು ಶನಿವಾರ ಡಾಕ್ಟರು ಹೇಳುತ್ತಾರಂತೆ. ನಿಮ್ಮ ಮಗ ಬಂದು ಹಾಗೆ ಹೇಳಿದಾಗಿನಿಂದ ಒಲೆಯ ಮುಂದೆ ನಿಂತರೂ ನನಗೆ ಕೈ ಓಡುತ್ತಿಲ್ಲ. ದಿನಕ್ಕೆರಡು ಸಲ ಹರಪನಹಳ್ಳಿಗೆ ಫೋನ್ ಮಾಡುತ್ತೇನೆ. ನಿಮ್ಮ ಫೋನನ್ನು ವಾಣಿಶ್ರೀಯೇ ಎತ್ತಿ, "ಅವ್ವ ಮಲಗ್ಯಾಳ" ಎಂದು ಇಟ್ಟುಬಿಡುತ್ತಾಳೆ. ಹನ್ನೆರಡು ದಿನದಿಂದ ನೀವು ಹಗಲೂ ರಾತ್ರಿ ಮಲಗಿಯೇ ಇದ್ದೀರಿ ಎಂದು ನಂಬುವಷ್ಟು ದಡ್ಡಿ ನಾನಲ್ಲ. ಅವಳು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗಳು, ನಾನು ಕಾನಹೊಸಹಳ್ಳಿಯಿಂದ ಬಂದವಳು. ತನ್ನ ಮನೆಯ ಹೊಸಿಲು ತುಳಿಯಬೇಡ ಎಂದು ಅವಳೇ ಅಂದ ಮೇಲೆ ಬರುವುದಾದರೂ ಹೇಗೆ? ಅದಕ್ಕೇ ಈ ಕಾಗದ. ಎದುರುಮನೆಯ ಹಾಲೇಶಪ್ಪನವರು ಇವತ್ತು ಸಂಜೆಯ ಬಸ್ಸಿಗೆ ಹರಪನಹಳ್ಳಿಯ ತಮ್ಮ ಬೀಗರ ಮನೆಗೆ ಹೊರಟಿದ್ದಾರೆ. ನಿಮ್ಮ ಕೈಗೇ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಾರೆ.

ಇಲ್ಲಿ ಎಲ್ಲರೂ ಆರೋಗ್ಯ. ನಿಮ್ಮ ಮಗನ ಅಂಗಡಿಗೆ ಸುಟ್ಟ ಮೋಟಾರುಗಳು ಸಾಲುಗಟ್ಟಿ ಬರುತ್ತಿವೆ. ತಂತಿ ಸುತ್ತಿ ವೈಂಡಿಂಗ್ ಮಾಡುತ್ತಾ ಕೂತರೆ ಊಟದ ಹೊತ್ತೂ ಗೊತ್ತಾಗುವುದಿಲ್ಲ. ಮನೆಗೆ ಬಂದರೂ ಮಾತಿಲ್ಲ. ನನ್ನನ್ನು ಬೈದಿದ್ದರಾದರೂ ಒಂದು ಸಮಾಧಾನವಿರುತ್ತಿತ್ತು. ನಿಮ್ಮ ಮೊಮ್ಮಗಳು ಚಂದನಾಳಿಗೆ ಪರೀಕ್ಷೆ ನಡೆದಿದೆ. ನಿಮ್ಮ ಕಂಬಳಿ ಹೊದ್ದು, ನಿಮ್ಮ ಮಂಚದ ಮೇಲೆಯೇ ಮಲಗುತ್ತಾಳೆ. ಹಾಲು ಹಾಕಲು ಬರುವ ಮಾರೆಮ್ಮ ದಿನಾ ಬಾಗಿಲಲ್ಲಿ ನಿಂತು ನಿಮ್ಮನ್ನು ಕೇಳುತ್ತಾಳೆ. ನೀವಿಲ್ಲ ಎಂದು ಒಂದು ಲೀಟರು ಕಡಿಮೆ ಮಾಡಿದ್ದೇನೆ. ಆ ಮಾತು ಹೇಳುವಾಗ ನನಗೆ ಅಳು ಬಂತು, ಅವಳೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅತ್ತೆ, ಅವತ್ತು ನಿಮ್ಮನ್ನು ಕಾರಿಗೆ ಹತ್ತಿಸುವಾಗ ವಾಣಿಶ್ರೀ ಓಣಿಯ ಜನರೆದುರು ಅಂದ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. "ಸಕ್ರಿ ಕುಡಿಸಿ ಕುಡಿಸಿ ನಮ್ಮವ್ವನ ಕಾಲು ತಿಂದಿ ನೀನು" ಅಂದಳು. ನಾನು ತಿರುಗಿ ಮಾತಾಡಲಿಲ್ಲ. ನೀವೂ ಏನೂ ಹೇಳಲಿಲ್ಲ. ನಿಮಗೆ ಎಚ್ಚರ ಪೂರ್ತಿ ಇರಲಿಲ್ಲ ಎಂದು ಗೊತ್ತು, ಆದರೂ ಹೇಳಿಬಿಡುತ್ತೇನೆ, ಅವಳ ಮಾತಿಗಿಂತ ನಿಮ್ಮ ಮೌನ ಹೆಚ್ಚು ಚುಚ್ಚಿತು. ಆಗಿದ್ದು ಏನು ಎಂದು ನಿಮಗೂ ನನಗೂ ಗೊತ್ತು. ಒಂದು ಸಲ ಮೊದಲಿನಿಂದ ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿರಿ.

ಶ್ರಾವಣಕ್ಕೆ ಮುಂಚೆ ನಿಮ್ಮ ಉಳಿದ ಹಲ್ಲುಗಳನ್ನೂ ಕೀಳಿಸಿದೆವು. ರೊಟ್ಟಿ ಹೋಯಿತು, ಹುರಿದ ಶೇಂಗಾ ಹೋಯಿತು. ಮುದ್ದೆಯಾದ ಅನ್ನ ನೋಡಿದರೆ ನಿಮಗೆ ವಾಕರಿಕೆ. ಅಂಥದ್ದರಲ್ಲಿ ತಿಂಗಳಿಡೀ ಒಪ್ಪತ್ತು ಮಾಡುತ್ತೇನೆ ಎಂದು ಹಟ ಹಿಡಿದಿರಿ. ಮಧ್ಯಾಹ್ನ ಒಂದು ಹೊತ್ತು ಊಟ, ಸಂಜೆಗೆ ಫಲಾಹಾರ. ಮದುವೆಯಾದಂದಿನಿಂದ ಬಿಟ್ಟಿಲ್ಲ, ಈಗ ಹಲ್ಲಿಲ್ಲ ಎಂದು ದೇವರಿಗೆ ನೆಪ ಹೇಳಲೇ ಎಂದು ನನ್ನನ್ನೇ ಕೇಳಿದಿರಿ. ನನಗೂ ನಿಮ್ಮ ಮಗನಿಗೂ ಒಳಗೊಳಗೇ ಒಳ್ಳೆಯದೇ ಆಯಿತು ಅನ್ನಿಸಿತು. ಡಾಕ್ಟರು ಊಟ ಕಡಿಮೆ ಮಾಡಿಸಿ ಎಂದಿದ್ದರು, ಉಪವಾಸವಿದ್ದರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆ ಎಂದುಕೊಂಡೆವು. ಡಾಕ್ಟರ ಚೀಟಿಯಲ್ಲಿ ಬೇಡ ಎಂದಿದ್ದದ್ದು ಚಹದ ಸಕ್ಕರೆ, ಹೋಳಿಗೆ, ಅನ್ನ. ದೇವರ ಹೆಸರಿನಲ್ಲಿ ತಿನ್ನುವ ಹಣ್ಣು ಹಾಲು ಆ ಲೆಕ್ಕಕ್ಕೆ ಬರುತ್ತದೆ ಎಂದು ಈ ಮನೆಯಲ್ಲಿ ಯಾರಿಗೆ ಹೊಳೆದಿತ್ತು?

ಮೊದಲ ಸೋಮವಾರ ಸಂಜೆ ನೀವು ಬರೀ ಹಾಲು ಕುಡಿದು ಗೋಡೆಗೆ ಒರಗಿ ಕೂತಿದ್ದಿರಿ. ಅಡುಗೆಮನೆಯಲ್ಲಿ ಚಂದನಾ ಫೋನಿನಲ್ಲಿ ನೋಡಿಕೊಂಡು ತನಗೆ ಸ್ಮೂದಿ ಮಾಡಿಕೊಡು ಎಂದು ನನ್ನ ಬೆನ್ನು ಬಿದ್ದಿದ್ದಳು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಿದ್ದ ಸುಗಂಧಿ ಬಾಳೆಹಣ್ಣನ್ನು ಬಿಲ್ಲೆ ಬಿಲ್ಲೆ ಕತ್ತರಿಸಿ ಹಿಂದಿನ ದಿನವೇ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಡಿಸಿದ್ದಳು. ಐಸು ಹಾಕಿದರೆ ನೀರಾಗುತ್ತದೆ, ಹಣ್ಣೇ ಕಲ್ಲಾಗಿದ್ದರೆ ಕೆನೆಯ ಹಾಗೆ ಬರುತ್ತದೆ ಎಂದು ನನಗೇ ಪಾಠ. ಆ ಹಣ್ಣಿಗೆ ಮಾರೆಮ್ಮನ ಎಮ್ಮೆ ಹಾಲು, ಬೇಕರಿ ಸಾಮಾನಿನ ಅಂಗಡಿಯಿಂದ ತಂದ ಕೋಕೋ ಪುಡಿ ಎರಡು ಚಮಚ, ನೆನೆಸಿದ ಖರ್ಜೂರ ನಾಲ್ಕು. ಫೋನಿನಲ್ಲಿ ಶೇಂಗಾದ ಬೆಣ್ಣೆ ಹಾಕಿ ಎಂದಿತ್ತು. ನಮ್ಮ ಮನೆಯಲ್ಲಿ ಶೇಂಗಾಕ್ಕೇನು ಬರ ಎಂದು ಹುರಿದು ಸಿಪ್ಪೆ ತೆಗೆದ ಬೀಜವನ್ನೇ ಒಂದು ಹಿಡಿ ಹಾಕಿದೆ. ಮಿಕ್ಸರ್ ಎರಡು ಸಲ ಮುನಿಸಿಕೊಂಡು ನಿಂತು, ಮೂರನೇ ಸಲ ತಿರುಗಿತು. ಚಮಚ ನೆಟ್ಟರೆ ಬೀಳದಷ್ಟು ಗಟ್ಟಿಯಾಗಿ ಬಂತು. ನಿಮ್ಮ ಮೊಮ್ಮಗಳು ಅರ್ಧ ಲೋಟ ನಿಮ್ಮ ಮುಂದೆ ಹಿಡಿದಳು. ನೀವು ಮೂಸಿ ನೋಡಿ, "ಈ ಕರೀದು ಏನು? ಕಾಳಿನ ಹಿಟ್ಟಾದ್ರ ನಾ ಒಲ್ಲೆ" ಅಂದಿರಿ. ಅದು ಗಿಡದಲ್ಲಿ ಬಿಡುವ ಹಣ್ಣಿನ ಬೀಜ ಎಂದು ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಧಾನ್ಯವಿಲ್ಲ, ಉಪ್ಪಿಲ್ಲ, ಶೇಂಗಾ ಉಪವಾಸಕ್ಕೆ ನಡೆಯುತ್ತದೆ, ಉಳಿದದ್ದೆಲ್ಲ ಹಣ್ಣು ಹಾಲು. ಒಪ್ಪತ್ತಿಗೆ ಭಂಗವಿಲ್ಲ ಎಂದು ಅಜ್ಜಿ ಮೊಮ್ಮಗಳು ಸೇರಿ ತೀರ್ಪು ಕೊಟ್ಟಿರಿ.

ಆಮೇಲಿನದು ನಿಮಗೆ ನೆನಪಿದೆಯೋ ಇಲ್ಲವೋ, ನನಗೆ ಮಾತ್ರ ಚೆನ್ನಾಗಿ ನೆನಪಿದೆ. ಲೋಟದ ತಳವನ್ನು ಬೆರಳಿನಿಂದ ಬಳಿದು ತಿಂದಿರಿ. ಆಮೇಲೆ ನನ್ನ ಕಡೆ ನೋಡಿ, "ಇನ್ನೊಂದೀಟು ಐತೇನು ಪುಷ್ಪಾ? ನಿನ್ನ ಕೈ ಚಲೋ ಐತಿ" ಅಂದಿರಿ. ನಾನು ಈ ಮನೆಗೆ ಬಂದು ಹದಿನಾಲ್ಕು ವರ್ಷ. ನನ್ನ ಸಾರು ನಿಮಗೆ ನೀರು, ನನ್ನ ರೊಟ್ಟಿ ದಪ್ಪ, ನನ್ನ ಪಲ್ಯಕ್ಕೆ ಕಾನಹೊಸಹಳ್ಳಿ ಬಸ್ ಸ್ಟ್ಯಾಂಡಿನ ಹೋಟೆಲಿನ ರುಚಿ. ನಗುತ್ತಲೇ ಹೇಳುತ್ತಿದ್ದಿರಿ, ನಾನೂ ನಗುತ್ತಲೇ ಕೇಳುತ್ತಿದ್ದೆ, ಆದರೆ ಬಚ್ಚಲಿಗೆ ಹೋಗಿ ಅತ್ತ ದಿನಗಳೂ ಇವೆ. ಅವತ್ತು ಮೊದಲ ಸಲ ನೀವು ನನ್ನ ಕೈಯಿಂದ ಎರಡನೇ ಸಲ ಬೇಡಿ ಉಂಡಿರಿ. ಮರುದಿನ ನೀವು ಕೇಳುವ ಮುಂಚೆಯೇ ಹಣ್ಣು ಕತ್ತರಿಸಿ ಡಬ್ಬಿಗೆ ಹಾಕಿದೆ.

ಹಾಗೆ ಅರ್ಧ ಲೋಟ ಒಂದಾಯಿತು, ಒಂದು ಎರಡಾಯಿತು. ಎರಡನೇ ವಾರಕ್ಕೆ ಸಿಹಿ ಸಾಲದು ಎಂದಿರಿ, ಒಂದು ತುಂಡು ಬೆಲ್ಲವೂ ಸೇರಿತು. ಸಂಜೆ ಐದಾದರೆ ನೀವು ಅಡುಗೆಮನೆಯ ಬಾಗಿಲಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದಿರಿ. ನಿಮ್ಮ ಅತ್ತೆ ನಿಮ್ಮನ್ನು ಕಾಡಿದ್ದು, ನಿಮ್ಮ ತವರು ಕೋಗಳಿಯಲ್ಲಿ ಸಣ್ಣವರಿದ್ದಾಗ ಬಾಳೆಹಣ್ಣು ಕದ್ದು ಸಿಕ್ಕಿಬಿದ್ದದ್ದು, ಎಲ್ಲ ಹೇಳಿದಿರಿ. ಹದಿನಾಲ್ಕು ವರ್ಷದಲ್ಲಿ ಆಡದ ಮಾತು ಆ ಒಂದು ತಿಂಗಳಲ್ಲಿ ಆಡಿದಿರಿ. ಶ್ರಾವಣ ಮುಗಿದರೂ ಲೋಟ ಮುಗಿಯಲಿಲ್ಲ. ಹೊಸ ಚಪ್ಪಲಿ ಕಚ್ಚಿ ಬೆರಳಿನಲ್ಲಿ ಗಾಯವಾದದ್ದು ನಿಮಗೇ ತಿಳಿಯಲಿಲ್ಲ. ಗಣೇಶನ ಹಬ್ಬದ ಮುಂದಿನ ವಾರ ಬಚ್ಚಲಲ್ಲಿ ಬಿದ್ದಾಗಲೇ ನಾವು ಆ ಕಾಲು ನೋಡಿದ್ದು.

ಪ್ರತಿ ಮಂಗಳವಾರ ನಾನೇ ನಿಮ್ಮ ಬೆರಳು ಚುಚ್ಚಿ ಮಿಷನ್ನಿನಲ್ಲಿ ಸಕ್ಕರೆ ನೋಡುತ್ತಿದ್ದೆನಲ್ಲ. ಎಷ್ಟು ಎಂದು ನೀವು ಕೇಳುತ್ತಿದ್ದಿರಿ, ಇಷ್ಟು ಎಂದು ನಾನು ಹೇಳುತ್ತಿದ್ದೆ. ನನಗಾದರೂ ಮುಂದೆ ಹೀಗಾಗುತ್ತದೆ ಎಂದು ಏನು ಗೊತ್ತಿತ್ತು? ವಾಣಿಶ್ರೀ ವರ್ಷಕ್ಕೆ ಎರಡು ಸಲ ಸೀರೆ ಹಿಡಿದು ಬರುವವಳು. ದಿನಾ ಮಾತ್ರೆ ಕೊಟ್ಟವಳು ನಾನು, ಬೆನ್ನು ತಿಕ್ಕಿದವಳು ನಾನು. ಅವಳು ಅಂದದ್ದನ್ನು ನೀವು ನಂಬಬೇಡಿ ಅತ್ತೆ. ಬೇಗ ಗುಣವಾಗಿ ನಿಮ್ಮ ಮನೆಗೆ ಬನ್ನಿ. ಇನ್ನು ಮೇಲೆ ಡಾಕ್ಟರು ಏನು ಹೇಳುತ್ತಾರೋ ಅದನ್ನೇ ಮಾಡಿ ಹಾಕುತ್ತೇನೆ, ಎಷ್ಟು ಸಪ್ಪೆ ಎಂದು ಬೇಕಾದರೂ ಬೈಯಿರಿ.

ಚಂದನಾ ನಿಮ್ಮ ಪಾದ ಮುಟ್ಟಿ ನಮಸ್ಕಾರ ಹೇಳಿದ್ದಾಳೆ, ಯಾವ ಕಾಲಿಗೆ ಎಂದು ಕೇಳಿದರೆ ಎರಡಕ್ಕೂ ಎಂದಳು. ಕೊಟ್ಟೂರೇಶ್ವರ ಎರಡನ್ನೂ ಹಾಗೆಯೇ ಉಳಿಸಿಕೊಡಲಿ.

ನಿಮ್ಮ ಸೊಸೆ,
ಪುಷ್ಪಲತಾ

ಮತ್ತೆ – ಹಾಲೇಶಪ್ಪನವರು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ. ಏನು ಗೊತ್ತಿತ್ತು ಎಂದು ಮೇಲೆ ಬರೆದದ್ದು ಸುಳ್ಳು. ಶ್ರಾವಣದ ಎರಡನೇ ಮಂಗಳವಾರ ಮಿಷನ್ನಿನಲ್ಲಿ ಮುನ್ನೂರ ಹನ್ನೆರಡು ಬಂದಿತ್ತು. ನಾನು ನಿಮಗೆ ನೂರ ನಲವತ್ತೆಂಟು ಎಂದೆ. ಮುಂದಿನ ವಾರ ಮುನ್ನೂರ ಅರವತ್ತು, ಆಮೇಲೆ ನಾನೂರು ದಾಟಿತು. ನಿಜ ಹೇಳಿದ್ದರೆ ಆ ಲೋಟ ನಿಲ್ಲುತ್ತಿತ್ತು, ಲೋಟ ನಿಂತರೆ ನೀವು ಆ ಬಾಗಿಲಿಗೆ ಬಂದು ಕೂರುವುದೂ ನಿಲ್ಲುತ್ತದೆ ಎಂದು ಹೆದರಿದೆ. ಡಾಕ್ಟರು ಕೊಟ್ಟ ಪುಸ್ತಕದಲ್ಲೂ ಸುಳ್ಳು ಅಂಕಿಯನ್ನೇ ಬರೆದೆ. ವಾಣಿಶ್ರೀ ಮಾತ್ರೆಗಳ ಜೊತೆ ಒಯ್ದದ್ದು ಅದೇ ಪುಸ್ತಕ. ಸಕ್ಕರೆ ಎರಡು ತಿಂಗಳಿಂದ ಹತೋಟಿಯಲ್ಲೇ ಇತ್ತಲ್ಲ, ಆದರೂ ಗಾಯ ಯಾಕೆ ಮಾಯುತ್ತಿಲ್ಲ ಎಂದು ಅಲ್ಲಿನ ಡಾಕ್ಟರು ಅದನ್ನೇ ತಿರುವಿ ಹಾಕುತ್ತಿದ್ದಾರಂತೆ, ನಿಮ್ಮ ಮಗ ನಿನ್ನೆ ಹೇಳಿದರು. ನಿಮ್ಮ ಮಗನಿಗೂ ಇದು ಗೊತ್ತಿಲ್ಲ. ಮಿಷನ್ನನ್ನು ಈ ಕಾಗದದ ಜೊತೆಯೇ ಕಳಿಸುತ್ತಿದ್ದೇನೆ, ಅದರೊಳಗೆ ತಾರೀಖಿನ ಸಮೇತ ನಿಜವಾದ ಅಂಕಿಗಳು ಉಳಿದಿವೆ. ಈ ಕಾಗದವನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ, ವಾಣಿಶ್ರೀಯ ಕೈಗೆ ಕೊಟ್ಟು ಪೂರ್ತಿ ಓದಿಸಿ. ಅವಳು ಅಂದದ್ದು ನಿಜವಾಗಿತ್ತು ಎಂದು ನಾನೇ ಹೇಳಿದೆನೆಂದು ಹೇಳಿ. ಶನಿವಾರ ಡಾಕ್ಟರು ನಿಮ್ಮ ಬೆರಳಿಗೆ ಕೈ ಹಾಕುವ ಮುಂಚೆ ಅವಳು ಮಿಷನ್ನು ತೋರಿಸಬೇಕು.